ಮ್ಯಾಕ್ರೊದಲ್ಲಿ ಹೆಸರುಗಳ ಡಿಕ್ಕಿ: ಎರಡು ಬಣ್ಣದ ಚೀಟಿಗಳಿಂದ ಒಂದು ಪಾಠ

ಪೀಠಿಕೆ

ಲಿಸ್ಪ್, ಸ್ಕೀಮ್, ಕ್ಲೋಜರ್ ಮುಂತಾದ ಫಂಕ್ಷನಲ್ ಭಾಷೆಗಳಲ್ಲಿ ಮ್ಯಾಕ್ರೊ ಎಂದರೆ ಪ್ರೋಗ್ರಾಂ ಬರೆದುಕೊಡುವ ಪ್ರೋಗ್ರಾಂ. ಫಂಕ್ಷನ್ ಬೆಲೆಗಳನ್ನು ತೆಗೆದುಕೊಂಡು ಒಂದು ಬೆಲೆಯನ್ನು ಕೊಡುತ್ತದೆ. ಮ್ಯಾಕ್ರೊ ಪ್ರೋಗ್ರಾಮಿನ ತುಣುಕುಗಳನ್ನೇ ತೆಗೆದುಕೊಂಡು ಅವುಗಳಿಂದ ಹೊಸ ತುಣುಕನ್ನು ಕಟ್ಟಿಕೊಡುತ್ತದೆ. ಆ ಹೊಸ ತುಣುಕು ಬಳಸಿದವರ ಪ್ರೋಗ್ರಾಮಿನೊಳಗೆ ಹೋಗಿ ಕೂರುತ್ತದೆ. ಲಿಸ್ಪ್‌ಗೆ ಈ ಸೌಲಭ್ಯ ಬೇಕೆಂದು ತಿಮೊಥಿ ಹಾರ್ಟ್ ಸೂಚಿಸಿದ್ದು 1963ರಲ್ಲಿ. ಅಂದಿನಿಂದ ಇಂದಿನವರೆಗೆ ಮ್ಯಾಕ್ರೊ ಬರೆಯುವವರನ್ನು ಕಾಡುವ ಒಂದು ತೊಡಕಿದೆ. ಮ್ಯಾಕ್ರೊ ಬರೆದವರು ಇಟ್ಟ ಹೆಸರೂ ಬಳಸಿದವರು ಇಟ್ಟ ಹೆಸರೂ ಒಂದೇ ಆದರೆ ಯಾವುದು ಯಾರದು?

ಈ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಉತ್ತರ, "ಯಾರೂ ಇಡದಂಥ ವಿಚಿತ್ರ ಹೆಸರು ಇಡಿ" ಎಂಬುದು. ವಿದ್ಯಾರ್ಥಿ ಅದನ್ನು ಬರೆದುಕೊಳ್ಳುತ್ತಾನೆ, ಪಾಲಿಸುತ್ತಾನೆ, ಕಾರಣ ಮಾತ್ರ ತಿಳಿಯುವುದಿಲ್ಲ. ತೊಂದರೆ ಏನೆಂದರೆ, ಹೆಸರು ಡಿಕ್ಕಿ ಹೊಡೆದಾಗ ಗಣಕ ಬಹಳ ಸಲ ದೋಷಸಂದೇಶ ಕೊಡುವುದೇ ಇಲ್ಲ, ಸುಮ್ಮನೆ ತಪ್ಪು ಉತ್ತರ ಕೊಡುತ್ತದೆ. ಹಾನಗಲ್ಲ, ಶಿಗ್ಗಾಂವ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಕನ್ನಡ ಮಾಧ್ಯಮದ ಶಾಲೆಗಳಿಂದ ಬಂದ ನಮ್ಮಂಥವರು ಇಂಥ ಉತ್ತರ ಕಂಡಾಗ ಪ್ರೋಗ್ರಾಮನ್ನು ಅನುಮಾನಿಸುವುದಿಲ್ಲ. "ನನಗೇ ಇಂಗ್ಲಿಷ್ ಬರೋದಿಲ್ಲ, ಅದಕ್ಕ ಹಿಂಗಾತು" ಎಂದು ತಮ್ಮನ್ನೇ ಅನುಮಾನಿಸುತ್ತಾರೆ. ಆದ್ದರಿಂದ ಕಾರಣ ತಿಳಿಸಿ ಕಲಿಸುವುದು ಇಲ್ಲಿ ಅಲಂಕಾರವಲ್ಲ, ಅಗತ್ಯ.

ಈ ಲೇಖನದಲ್ಲಿ 45 ನಿಮಿಷಗಳ ಒಂದು ಪಾಠವಿದೆ. ಬಿ.ಎಸ್ಸಿ. ಬಿ.ಇಡಿ. ಸಹಪಾಠಿಗಳ ಮುಂದೆ ನಡೆಸಿ ನೋಡಿದ ಪಾಠವಿದು. ಗಣಕ ಬೇಕಿಲ್ಲ, ಕರೆಂಟು ಹೋದರೂ ನಡೆಯುತ್ತದೆ. ಓದುವ ಅನುಕೂಲಕ್ಕೆ ಲಿಸ್ಪ್‌ನ ಪದಗಳನ್ನೂ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಗಣಕದಲ್ಲಿ ಮಾಡುವಾಗ ಲೆಟ್, ಇಫ್, ಡೆಫ್‌ಮ್ಯಾಕ್ರೊ, ಜೆನ್‌ಸಿಮ್ ಇವುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪಿಸಬೇಕು.

ಕಲಿಕೆಯ ಉದ್ದೇಶಗಳು

ಪಾಠದ ಕೊನೆಗೆ ಕಲಿಯುವವರು,
1. ಮ್ಯಾಕ್ರೊ ವಿಸ್ತರಣೆಯನ್ನು ಕೈಯಿಂದ ಬರೆದು ತೋರಿಸುವರು.
2. ಎರಡು ಬಗೆಯ ಹೆಸರು ಡಿಕ್ಕಿಗಳನ್ನು ಗುರುತಿಸುವರು.
3. ಜೆನ್‌ಸಿಮ್ ಬಳಸಿ ಮ್ಯಾಕ್ರೊವನ್ನು ಸರಿಪಡಿಸುವರು.
4. ವಿಚಿತ್ರ ಹೆಸರು ಏಕೆ ಸಾಲದು ಎಂಬುದಕ್ಕೆ ಉದಾಹರಣೆ ಕೊಡುವರು.

ಪೂರ್ವಜ್ಞಾನ: ಚರಾಕ್ಷರ, ಫಂಕ್ಷನ್, ಸಿ ಭಾಷೆಯ ಬ್ಲಾಕ್.
ಬೋಧನೋಪಕರಣ: ಬಿಳಿ ಚೀಟಿ, ಹಳದಿ ಚೀಟಿ, ಅಂಟು, ಕಪ್ಪುಹಲಗೆ, ಒಂದೇ ಬಣ್ಣದ ಸೀಮೆಸುಣ್ಣ.

ಹಂತ 1: ತೊಡಗಿಸುವುದು (5 ನಿಮಿಷ)

ಹಲಗೆಯ ಮೇಲೆ ಒಂದೇ ಪದ ಬರೆಯಿರಿ: ಗೋಕಾಕ. ಇದು ಏನು ಎಂದು ಕೇಳಿ. ಒಬ್ಬರು ಊರು ಎನ್ನುತ್ತಾರೆ, ಇನ್ನೊಬ್ಬರು ಜಲಪಾತ ಎನ್ನುತ್ತಾರೆ, ಮತ್ತೊಬ್ಬರು ಕವಿ ಎನ್ನುತ್ತಾರೆ. ಎಲ್ಲವೂ ಸರಿ. ಕವಿ ವಿ. ಕೃ. ಗೋಕಾಕರು 1909ರಲ್ಲಿ ಹುಟ್ಟಿದ್ದು ನಮ್ಮ ಸವಣೂರಿನಲ್ಲಿ. ಹೆಸರಿನಲ್ಲಿರುವುದು ಮಾತ್ರ ಬೆಳಗಾವಿ ಜಿಲ್ಲೆಯ ಊರು. ಈಗ "ಗೋಕಾಕ್ ಚಳವಳಿ" ಎಂದು ಬರೆದು, ಇದಕ್ಕೆ ಈ ಹೆಸರು ಏಕೆ ಬಂತು ಎಂದು ಕೇಳಿ. ಗೋಕಾಕ ಊರಿನಲ್ಲಿ ನಡೆದದ್ದಕ್ಕೆ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. 1980ರ ದಶಕದ ಆ ಚಳವಳಿಗೆ ಹೆಸರು ಬಂದದ್ದು ಊರಿನಿಂದಲ್ಲ, ವಿ. ಕೃ. ಗೋಕಾಕರ ಅಧ್ಯಕ್ಷತೆಯ ಭಾಷಾ ಸಮಿತಿಯ ವರದಿಯಿಂದ.

ಬರೆದವರ ಮನಸ್ಸಿನಲ್ಲಿದ್ದದ್ದು ವ್ಯಕ್ತಿ, ಓದಿದವರು ಹಿಡಿದದ್ದು ತಮಗೆ ಹತ್ತಿರದ ಅರ್ಥ. ವಾಕ್ಯದಲ್ಲಿ ಒಂದಕ್ಷರವೂ ಬದಲಾಗಿಲ್ಲ. ವಾಕ್ಯ ಒಂದು ಸಂದರ್ಭದಿಂದ ಇನ್ನೊಂದಕ್ಕೆ ಹೋದದ್ದರಿಂದ ಹೆಸರು ಬೇರೆ ಕಡೆ ಕೈ ತೋರಿಸಿತು. ಹಾನಗಲ್ಲ ಎಂಬ ಹೆಸರೂ ಹಾಗೆಯೇ. ಬಸ್‌ಸ್ಟ್ಯಾಂಡಿನಲ್ಲಿ ಅದು ಊರು, ಸಂಗೀತ ಕಚೇರಿಯಲ್ಲಿ ಗಂಗೂಬಾಯಿ, ಶಿವಯೋಗಮಂದಿರದಲ್ಲಿ ಕುಮಾರ ಶಿವಯೋಗಿಗಳು. ಇದನ್ನು ಹೇಳಿ, "ಪ್ರೋಗ್ರಾಮಿನಲ್ಲೂ ಹೀಗಾಗುತ್ತದೆಯೇ ನೋಡೋಣ" ಎಂದು ಮುಂದಿನ ಹಂತಕ್ಕೆ ಹೋಗಬೇಕು.

ಹಂತ 2: ಅನ್ವೇಷಿಸುವುದು (10 ನಿಮಿಷ)

ಪರಿಸ್ಥಿತಿ ಇದು. ಒಬ್ಬ ವಿದ್ಯಾರ್ಥಿಯ ಹಳೆಯ ಅಂಕ 62. ಅವನು ಮರುಪರೀಕ್ಷೆ ಬರೆದಿದ್ದರೆ ಹೊಸ ಅಂಕ ತೆಗೆದುಕೊಳ್ಳಬೇಕು, ಬರೆಯದಿದ್ದರೆ ಹಳೆಯದು ಉಳಿಯಬೇಕು. ಮರುಪರೀಕ್ಷೆ ಬರೆಯದವರಿಗೆ (ಹೊಸ-ಅಂಕ) ಎಂಬ ಫಂಕ್ಷನ್ 'ನಿಲ್', ಅಂದರೆ 'ಇಲ್ಲ' ಎಂದು ಕೊಡುತ್ತದೆ. ಇದಕ್ಕೊಂದು ಮ್ಯಾಕ್ರೊ ಬೇಕು.

ಮೊದಲು ತೋಚುವುದು ಇದು:

(ಡೆಫ್‌ಮ್ಯಾಕ್ರೊ ಸಿಕ್ಕ-ಅಂಕ (ಹೊಸದು ಹಳೆಯದು)
  `(ಇಫ್ ,ಹೊಸದು ,ಹೊಸದು ,ಹಳೆಯದು))

ಹಿಂದುಮುಂದಾದ ಉದ್ಧರಣ ಚಿಹ್ನೆ "ಇದನ್ನು ಅಚ್ಚಿನಂತೆ ಇಡು" ಎನ್ನುತ್ತದೆ. ಅಲ್ಪವಿರಾಮ "ಇಲ್ಲಿ ಬಳಸಿದವರ ತುಣುಕನ್ನು ತುಂಬು" ಎನ್ನುತ್ತದೆ. ಇದನ್ನು ಬಳಸಿದರೆ (ಹೊಸ-ಅಂಕ) ಎರಡು ಕಡೆ ಬಂದು ಕೂರುತ್ತದೆ, ಎರಡು ಸಲ ನಡೆಯುತ್ತದೆ. ಅದು ಕೀಬೋರ್ಡಿನಿಂದ ಅಂಕ ಕೇಳುವ ಫಂಕ್ಷನ್ ಆಗಿದ್ದರೆ ಶಿಕ್ಷಕರನ್ನು ಎರಡೆರಡು ಸಲ ಕೇಳುತ್ತದೆ. ಹಾಗಾಗಿ ಉತ್ತರವನ್ನು ಒಂದು ಹೆಸರಿನಲ್ಲಿ ಹಿಡಿದಿಡಬೇಕು. ತಾತ್ಕಾಲಿಕ ಹೆಸರು ಬೇಕಾಗುವುದು ಈ ಕಾರಣಕ್ಕೆ, ಇದನ್ನು ಬಿಟ್ಟು ಮುಂದೆ ಹೋಗಬಾರದು:

(ಡೆಫ್‌ಮ್ಯಾಕ್ರೊ ಸಿಕ್ಕ-ಅಂಕ (ಹೊಸದು ಹಳೆಯದು)
  `(ಲೆಟ್ ((ಅಂಕ ,ಹೊಸದು))
     (ಇಫ್ ಅಂಕ ಅಂಕ ,ಹಳೆಯದು)))

ಈಗ ಚೀಟಿಗಳ ಸರದಿ. ತರಗತಿಯನ್ನು ಎರಡು ಗುಂಪು ಮಾಡಿ. ಒಂದು ಗುಂಪು ಮ್ಯಾಕ್ರೊ ಬರೆದವರು. ಅವರು ಮೇಲಿನ ಅಚ್ಚನ್ನು ಹಳದಿ ಚೀಟಿಗಳ ಮೇಲೆ ಪದಪದವಾಗಿ ಬರೆಯುತ್ತಾರೆ, ಅಲ್ಪವಿರಾಮ ಇರುವಲ್ಲಿ ಜಾಗ ಖಾಲಿ ಬಿಡುತ್ತಾರೆ. ಇನ್ನೊಂದು ಗುಂಪು ಬಳಸುವವರು. ಅವರು ಮ್ಯಾಕ್ರೊದ ಒಳಗನ್ನು ನೋಡದೆ ಬಿಳಿ ಚೀಟಿಗಳ ಮೇಲೆ ತಮ್ಮ ಪ್ರೋಗ್ರಾಂ ಬರೆಯುತ್ತಾರೆ:

(ಲೆಟ್ ((ಅಂಕ 62))
  (ಸಿಕ್ಕ-ಅಂಕ (ಹೊಸ-ಅಂಕ) ಅಂಕ))

ಬಳಸುವ ಗುಂಪಿಗೂ ಅಂಕ ಎಂಬ ಹೆಸರೇ ಹೊಳೆಯುವುದು ಸಹಜ. ಅಂಕವನ್ನು ಅಂಕ ಎನ್ನದೆ ಇನ್ನೇನು ಎನ್ನಬೇಕು? ಖಾಲಿ ಜಾಗಗಳಲ್ಲಿ ಬಿಳಿ ಚೀಟಿ ಅಂಟಿಸಿ. ನಂತರ ಇಡೀ ವಿಸ್ತರಣೆಯನ್ನು ಒಬ್ಬರು ಹಲಗೆಯ ಮೇಲೆ ಒಂದೇ ಬಣ್ಣದ ಸೀಮೆಸುಣ್ಣದಿಂದ ನಕಲು ಮಾಡಲಿ:

(ಲೆಟ್ ((ಅಂಕ 62))
  (ಲೆಟ್ ((ಅಂಕ (ಹೊಸ-ಅಂಕ)))
    (ಇಫ್ ಅಂಕ ಅಂಕ ಅಂಕ)))

ಹಲಗೆಯ ಮೇಲಿರುವುದನ್ನು ಮಾತ್ರ ನೋಡಿ ಲೆಕ್ಕ ಮಾಡಲು ಹೇಳಿ. ಮರುಪರೀಕ್ಷೆಯಲ್ಲಿ 70 ಬಂದವನಿಗೆ 70 ಬರುತ್ತದೆ, ಸರಿ. ಮರುಪರೀಕ್ಷೆ ಬರೆಯದವನಿಗೆ? ಒಳಗಿನ ಅಂಕ 'ಇಲ್ಲ'. ಹಾಗಾಗಿ ಉತ್ತರ ಮೂರನೆಯ ಅಂಕ. ಅದೂ ಒಳಗಿನದೇ, 'ಇಲ್ಲ'. ಅವನ 62 ಅಂಕ ಮಾಯ. ದೋಷಸಂದೇಶ ಇಲ್ಲ. ಮರುಪರೀಕ್ಷೆ ಬರೆದವರ ದಾಖಲೆಗಳಿಂದ ಮಾತ್ರ ಪರೀಕ್ಷಿಸಿ ನೋಡಿದ್ದರೆ ಪ್ರೋಗ್ರಾಂ ಸರಿಯಿದೆ ಎಂದೇ ಎಲ್ಲರೂ ನಂಬುತ್ತಿದ್ದರು.

ಈಗ ಕಣ್ಣನ್ನು ಹಲಗೆಯಿಂದ ಚೀಟಿಗಳ ಕಡೆ ತಿರುಗಿಸಿ. ಚೀಟಿಯಲ್ಲಿ ಕೊನೆಯ ಅಂಕ ಬಿಳಿ, ಅದಕ್ಕೆ ಮುಂಚಿನ ಎರಡು ಹಳದಿ. ಬಣ್ಣ ನೋಡಿ ಓದಿದರೆ ಬಿಳಿ ಅಂಕ 62 ಎಂದು ಎಲ್ಲರಿಗೂ ಗೊತ್ತಾಗುತ್ತದೆ. ಸೀಮೆಸುಣ್ಣಕ್ಕೆ ಇಳಿಸಿದಾಗ ಕಳೆದುಹೋದದ್ದು ಬಣ್ಣ. ಪಾಠದ ತಿರುಳು ಇಷ್ಟೇ: ಹೆಸರೆಂದರೆ ಬರೀ ಅಕ್ಷರಗಳಲ್ಲ, ಅದು ಎಲ್ಲಿಂದ ಬಂತು ಎಂಬುದೂ ಅದರ ಭಾಗ.

ಹಂತ 3: ವಿವರಿಸುವುದು (12 ನಿಮಿಷ)

ಗಣಿತದಲ್ಲಿ ಇದೇ ತಪ್ಪು. ಗಣಿತ ವಿಷಯದ ಶಿಕ್ಷಣಾರ್ಥಿಗಳಿಗೆ ಇದು ಹೊಸದಲ್ಲ. ಇ ಎಂಬುದಕ್ಕೆ 1ರಿಂದ 3ರವರೆಗೆ ಬೆಲೆ ಕೊಟ್ಟು (ಇ + ಕ) ಕೂಡಿದರೆ 6 + 3ಕ ಬರುತ್ತದೆ. ಈಗ ಕ ಜಾಗದಲ್ಲಿ ಹೊರಗಿನ ಒಂದು ಇ ಹಾಕಬೇಕಿದೆ ಎನ್ನಿ. ಮೊತ್ತದೊಳಗೆ ನೇರವಾಗಿ ಹಾಕಿದರೆ (ಇ + ಇ) ಆಗಿ ಉತ್ತರ 12 ಬರುತ್ತದೆ. ಸರಿಯಾದ ಉತ್ತರ 6 + 3ಇ. ಹೊರಗಿನ ಇ ಒಳಗೆ ಹೋಗಿ ಸಿಕ್ಕಿಬಿದ್ದಿತು. ಒಳಗಿನ ಇ ಹೆಸರನ್ನು ಮೊದಲೇ ಜ ಎಂದು ಬದಲಿಸಿ, (ಜ + ಕ) ಮಾಡಿ, ಆಮೇಲೆ ಆದೇಶಿಸಿದರೆ ತೊಂದರೆಯಿಲ್ಲ. 1930ರ ದಶಕದಲ್ಲಿ ಅಲೊಂಜೊ ಚರ್ಚ್ ರೂಪಿಸಿದ ಲ್ಯಾಂಬ್ಡಾ ಕಲನದಲ್ಲಿ ಹೀಗೆ ಹೆಸರು ಬದಲಿಸುವುದಕ್ಕೆ ಆಲ್ಫಾ ಪರಿವರ್ತನೆ ಎನ್ನುತ್ತಾರೆ. ಫಂಕ್ಷನಲ್ ಭಾಷೆಗಳ ಬೇರು ಅಲ್ಲಿದೆ.

ವಿಚಿತ್ರ ಹೆಸರು ಏಕೆ ಸಾಲದು. ಅಂಕ ಎಂಬುದರ ಬದಲು 'ಗುಟ್ಟಿನ-ಅಂಕ-99' ಎಂದು ಇಟ್ಟರೆ? ಡಿಕ್ಕಿಯ ಸಾಧ್ಯತೆ ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ. ನಮ್ಮ ಮ್ಯಾಕ್ರೊ ನೋಡಿ ಗೆಳೆಯರೊಬ್ಬರು ಅದೇ ಶೈಲಿಯಲ್ಲಿ ತಮ್ಮ ಮ್ಯಾಕ್ರೊ ಬರೆದು, ಅದರಲ್ಲೂ ಗುಟ್ಟಿನ-ಅಂಕ-99 ಎಂದೇ ಇಟ್ಟು, ಒಳಗೆ ನಮ್ಮ ಸಿಕ್ಕ-ಅಂಕವನ್ನು (ಸಿಕ್ಕ-ಅಂಕ (ಹೊಸ-ಅಂಕ) ಗುಟ್ಟಿನ-ಅಂಕ-99) ಎಂದು ಬಳಸಿದರೆ ಮತ್ತೆ ಅದೇ ಕಥೆ. ಮಾದರಿ ನೋಡಿ ಕಲಿಯುವುದು ನಾವೇ ಹೇಳಿಕೊಡುವ ಅಭ್ಯಾಸ, ಹಾಗಾಗಿ ಇದು ದೂರದ ಸಾಧ್ಯತೆಯಲ್ಲ.

ತರಗತಿಯ ಹಾಜರಿ ಪುಸ್ತಕದಿಂದ ಇದನ್ನು ವಿವರಿಸಬಹುದು. ಎಂಟನೆಯ ತರಗತಿಯಲ್ಲಿ ಒಬ್ಬ ಬಸವರಾಜ ಇರುವಾಗ "ಬಸವರಾಜನಿಗೆ ಪುಸ್ತಕ ಕೊಡು" ಎಂದರೆ ಸಾಕು. ಇನ್ನೊಬ್ಬ ಬಸವರಾಜ ಸೇರಿದ ದಿನ "ಯಾವ ಬಸವರಾಜರಿ ಸರ?" ಎಂಬ ಪ್ರಶ್ನೆ ಬರುತ್ತದೆ. ನಾವು 'ದೊಡ್ಡ ಬಸವರಾಜ' ಎನ್ನುತ್ತೇವೆ. ಅದು ಅವನಿಗಿಂತ ದೊಡ್ಡವನು ಬರುವವರೆಗೆ ಮಾತ್ರ. ಶಿಕ್ಷಣ ಇಲಾಖೆಯ ಸ್ಯಾಟ್ಸ್ ದಾಖಲೆಯಲ್ಲಿ ಮಾತ್ರ ಈ ಗೊಂದಲವಿಲ್ಲ. ಅಲ್ಲಿ ಪ್ರತಿ ಮಗುವಿಗೆ ಬೇರೆ ಯಾರಿಗೂ ಇಲ್ಲದ ಸಂಖ್ಯೆಯನ್ನು ವ್ಯವಸ್ಥೆಯೇ ಕೊಡುತ್ತದೆ. ಊಹೆ ಮಾಡಿ ಹೆಸರಿಡುವುದಕ್ಕೂ, ಯಾರಲ್ಲೂ ಇಲ್ಲವೆಂದು ಗೊತ್ತಿರುವವರ ಕೈಯಿಂದ ಹೆಸರು ಪಡೆಯುವುದಕ್ಕೂ ಇರುವ ವ್ಯತ್ಯಾಸ ಇದು.

ಜೆನ್‌ಸಿಮ್. ಲಿಸ್ಪ್‌ನಲ್ಲಿ ಹಾಗೆ ಹೊಸ ಹೆಸರು ಕೊಡುವ ಫಂಕ್ಷನ್ ಜೆನ್‌ಸಿಮ್:

(ಡೆಫ್‌ಮ್ಯಾಕ್ರೊ ಸಿಕ್ಕ-ಅಂಕ (ಹೊಸದು ಹಳೆಯದು)
  (ಲೆಟ್ ((ಗುಪ್ತ (ಜೆನ್‌ಸಿಮ್)))
    `(ಲೆಟ್ ((,ಗುಪ್ತ ,ಹೊಸದು))
       (ಇಫ್ ,ಗುಪ್ತ ,ಗುಪ್ತ ,ಹಳೆಯದು))))

ಇಲ್ಲಿ ಗುಪ್ತ ಎಂಬುದು ವಿಸ್ತರಣೆಯಲ್ಲಿ ಬರುವ ಹೆಸರಲ್ಲ. ಬರುವ ಹೆಸರನ್ನು ಹಿಡಿದಿಟ್ಟ ಡಬ್ಬಿ. ಅದಕ್ಕೇ ಅದರ ಹಿಂದೆ ಅಲ್ಪವಿರಾಮ. ವಿಸ್ತರಿಸಿದಾಗ ಸಿಗುವುದು:

(ಲೆಟ್ ((ಅಂಕ 62))
  (ಲೆಟ್ ((ಜಿ417 (ಹೊಸ-ಅಂಕ)))
    (ಇಫ್ ಜಿ417 ಜಿ417 ಅಂಕ)))

ಅಂಕ ಈಗ 62ಕ್ಕೇ ಕೈ ತೋರಿಸುತ್ತದೆ. ಸಹಪಾಠಿಯೊಬ್ಬರು, "ಬಳಸುವವರೂ ಜಿ417 ಎಂದೇ ಬರೆದರೆ?" ಎಂದು ಕೇಳಿದರು. ಪಾಠಕ್ಕೆ ಬೇಕಾದ ಪ್ರಶ್ನೆಯೇ ಅದು. ಕಾಮನ್ ಲಿಸ್ಪ್‌ನಲ್ಲಿ ಜೆನ್‌ಸಿಮ್ ಕೊಡುವ ಹೆಸರು ಹೆಸರುಗಳ ಪಟ್ಟಿಯಲ್ಲಿ ಸೇರುವುದೇ ಇಲ್ಲ. ನಾವು ಅದೇ ಅಕ್ಷರ ಟೈಪಿಸಿದರೆ ಪಟ್ಟಿಯಲ್ಲಿ ಇನ್ನೊಂದು ಹೆಸರು ಹುಟ್ಟುತ್ತದೆ, ನೋಡಲು ಒಂದೇ, ಗಣಕಕ್ಕೆ ಬೇರೆ ಬೇರೆ. ಚೀಟಿಯ ಬಣ್ಣ ಹೀಗೆ ವಾಪಸ್ಸು ಬಂದಂತಾಯಿತು.

ಹಂತ 4: ವಿಸ್ತರಿಸುವುದು (10 ನಿಮಿಷ)

ಡಿಕ್ಕಿಯ ಎರಡನೆಯ ಬಗೆ. ಮೇಲಿನದರಲ್ಲಿ ಬಳಸಿದವರ ಹೆಸರು ಮ್ಯಾಕ್ರೊದ ಬಲೆಗೆ ಬಿತ್ತು. ತಿರುಗಾಮುರುಗಾ ಆಗುವುದೂ ಉಂಟು. ಮ್ಯಾಕ್ರೊ ತನ್ನ ಕೆಲಸಕ್ಕೆ 'ಲಿಸ್ಟ್' ಎಂಬ ಫಂಕ್ಷನ್ ಕರೆಯುತ್ತದೆ ಎನ್ನಿ. ಬಳಸುವ ವಿದ್ಯಾರ್ಥಿ ತನ್ನ ಅಂಕಗಳ ಪಟ್ಟಿಗೆ 'ಲಿಸ್ಟ್' ಎಂದೇ ಹೆಸರಿಟ್ಟು ಅದರೊಳಗೆ ಮ್ಯಾಕ್ರೊ ಬಳಸುತ್ತಾನೆ. ಸ್ಕೀಮ್, ಕ್ಲೋಜರ್ ಭಾಷೆಗಳಲ್ಲಿ ಫಂಕ್ಷನ್ನಿಗೂ ಬೆಲೆಗೂ ಒಂದೇ ಹೆಸರಿನ ಲೋಕ. ರಕ್ಷಣೆ ಇಲ್ಲದಿದ್ದರೆ ಮ್ಯಾಕ್ರೊ ಫಂಕ್ಷನ್ ಎಂದುಕೊಂಡು ಅಂಕಗಳ ಪಟ್ಟಿಯನ್ನು ಕರೆಯಲು ಹೋಗುತ್ತದೆ. ಗೋಕಾಕ್ ಚಳವಳಿ ಗೋಕಾಕ ಊರಿಗೆ ಹೋದದ್ದು ಹೀಗೆಯೇ. ಇಲ್ಲಿ ಜೆನ್‌ಸಿಮ್ ಸಹಾಯಕ್ಕೆ ಬರುವುದಿಲ್ಲ, ಏಕೆಂದರೆ ಹೊಸ ಹೆಸರು ಬೇಕಾಗಿಲ್ಲ, ಹಳೆಯ ಹೆಸರಿಗೆ ಊರಿನ ವಿಳಾಸ ಬೇಕಾಗಿದೆ.

ನಮ್ಮ ಹಿರಿಯರು ಇದಕ್ಕೆ ಕಂಡುಕೊಂಡ ದಾರಿ ಊರ ಹೆಸರುಗಳಲ್ಲೇ ಇದೆ. ಹಿರೇಕೆರೂರು ಬೇರೆ, ಅದೇ ಸೀಮೆಯ ಚಿಕ್ಕೇರೂರು ಬೇರೆ. ಹುಬ್ಬಳ್ಳಿ ಬೇರೆ, ಬೆಳಗಾವಿ ಜಿಲ್ಲೆಯ ಎಂ. ಕೆ. ಹುಬ್ಬಳ್ಳಿ ಬೇರೆ. ಹೆಸರಿನ ಹಿಂದೆ ಗುರುತು ಸೇರಿಸಿದರೆ ಯಾವ ಬಸ್ಸಿನಲ್ಲಿ ಕುಳಿತಿದ್ದರೂ ಅರ್ಥ ಬದಲಾಗದು. ರಿಚ್ ಹಿಕಿ 2007ರಲ್ಲಿ ಹೊರತಂದ ಕ್ಲೋಜರ್ ಭಾಷೆಯ ಹಿಂದುಮುಂದಾದ ಉದ್ಧರಣ ಚಿಹ್ನೆ ಇದನ್ನೇ ಮಾಡುತ್ತದೆ. ಅಚ್ಚಿನಲ್ಲಿರುವ ಪ್ರತಿ ಹೆಸರಿಗೂ ಅದು ಹುಟ್ಟಿದ ನೇಮ್‌ಸ್ಪೇಸ್‌ನ ಹೆಸರನ್ನು ಮುಂದೆ ಜೋಡಿಸುತ್ತದೆ. ಹಾಗೆ ವಿಳಾಸ ಹೊತ್ತ ಹೆಸರನ್ನು ಲೆಟ್‌ನಲ್ಲಿ ಹೊಸದಾಗಿ ಕಟ್ಟಲು ಕ್ಲೋಜರ್ ಬಿಡುವುದಿಲ್ಲ. ನಮ್ಮ ಮೊದಲ ಅಚ್ಚನ್ನು ಹಾಗೇ ಬರೆದರೆ ದೋಷಸಂದೇಶ ಬರುತ್ತದೆ. ಮೌನವಾದ ತಪ್ಪಿಗಿಂತ ಇದು ಎಷ್ಟೋ ವಾಸಿ. ತಾತ್ಕಾಲಿಕ ಹೆಸರು ಬೇಕಾದಾಗ ಹೆಸರಿನ ಕೊನೆಗೆ # ಹಚ್ಚಿ 'ಅಂಕ#' ಎಂದು ಬರೆದರೆ ಸಾಕು, ಭಾಷೆಯೇ ಹೊಸ ಹೆಸರು ಸೃಷ್ಟಿಸುತ್ತದೆ. ಒಂದು ಎಚ್ಚರಿಕೆ: ಒಂದೇ ಉದ್ಧರಣದೊಳಗೆ ಎಷ್ಟು ಸಲ ಅಂಕ# ಬರೆದರೂ ಅದು ಒಂದೇ ಹೆಸರು, ಬೇರೆ ಉದ್ಧರಣದಲ್ಲಿ ಬರೆದರೆ ಬೇರೆ ಹೆಸರು. ಎರಡು ಕಡೆಯೂ ಒಂದೇ ಬೇಕಿದ್ದರೆ ಮೊದಲೇ ಜೆನ್‌ಸಿಮ್ ಕರೆದು ಡಬ್ಬಿಯಲ್ಲಿ ಇಟ್ಟುಕೊಳ್ಳಬೇಕು.

ಬಣ್ಣವನ್ನೇ ಉಳಿಸುವ ದಾರಿ. 1986ರಲ್ಲಿ ಕೋಲ್‌ಬೆಕರ್, ಫ್ರೀಡ್‌ಮನ್, ಫೆಲ್ಲೈಸನ್, ಡೂಬಾ ಎಂಬ ನಾಲ್ವರು ಪ್ರಬಂಧವೊಂದನ್ನು ಮಂಡಿಸಿದರು. ಮ್ಯಾಕ್ರೊ ಬರೆಯುವವರು ನೆನಪಿಟ್ಟುಕೊಂಡು ಜೆನ್‌ಸಿಮ್ ಕರೆಯುವುದೇಕೆ, ವಿಸ್ತರಿಸುವ ಯಂತ್ರವೇ ಪ್ರತಿ ಹೆಸರಿಗೂ ಅದು ಯಾವ ವಿಸ್ತರಣೆಯಲ್ಲಿ ಬಂತೆಂಬ ಗುರುತು ಹಾಕಲಿ ಎಂಬುದು ಅದರ ಸಾರ. ನಮ್ಮ ಹಳದಿ, ಬಿಳಿ ಚೀಟಿಗಳು ಆ ಗುರುತೇ. ಇಂಥ ಮ್ಯಾಕ್ರೊಗಳಿಗೆ ಹೈಜೀನಿಕ್, ಅಂದರೆ ಮಡಿಯ ಅಲ್ಲ, ಶುಚಿಯಾದ ಮ್ಯಾಕ್ರೊಗಳು ಎನ್ನುತ್ತಾರೆ. 1998ರ ಸ್ಕೀಮ್ ವರದಿಯಲ್ಲಿ ಸಿಂಟ್ಯಾಕ್ಸ್-ರೂಲ್ಸ್ ಎಂಬ ಶುಚಿಯಾದ ವಿಧಾನ ಭಾಷೆಯ ಭಾಗವೇ ಆಯಿತು. ಅದರಲ್ಲಿ ಅಂಕ ಎಂದು ಸರಳವಾಗಿ ಬರೆದರೂ ಎರಡೂ ಬಗೆಯ ಡಿಕ್ಕಿ ಆಗುವುದಿಲ್ಲ.

ಬೇಕೆಂದೇ ಹಿಡಿಯುವುದು. ಒಮ್ಮೊಮ್ಮೆ ಹೆಸರು ಸಿಕ್ಕಿಬೀಳಲಿ ಎಂದೇ ಮ್ಯಾಕ್ರೊ ಬರೆಯುತ್ತಾರೆ. ಕನ್ನಡದ ಸರ್ವನಾಮ ನೆನೆಯಿರಿ: "ಹೊಸ ಅಂಕ ಇದ್ದರೆ ಅದನ್ನು ಬರೆ." ಇಲ್ಲಿ 'ಅದು' ಯಾವುದೆಂದು ಹಿಂದಿನ ಮಾತೇ ಹೇಳುತ್ತದೆ. (ಇದ್ದರೆ (ಹೊಸ-ಅಂಕ) (ಬರೆ ಅದು)) ಎಂದು ಬರೆಯಲು ಬರುವಂತೆ ಮಾಡುವ ಮ್ಯಾಕ್ರೊ, ಅದು ಎಂಬ ಹೆಸರನ್ನು ಬೇಕೆಂದೇ ಕಟ್ಟುತ್ತದೆ. ಪಾಲ್ ಗ್ರಹಾಂ 1993ರ ತಮ್ಮ ಲಿಸ್ಪ್ ಪುಸ್ತಕದಲ್ಲಿ ಇಂಥವನ್ನು ಚರ್ಚಿಸಿದ್ದಾರೆ. ತಿಳಿದು ಮಾಡಿ, ಬಳಸುವವರಿಗೆ ಹೇಳಿದರೆ ಅದು ಸೌಲಭ್ಯ. ತಿಳಿಯದೆ ಆದರೆ ದೋಷ.

ಹಂತ 5: ಮೌಲ್ಯಮಾಪನ (8 ನಿಮಿಷ)

1. ಸಿ ಭಾಷೆಯಲ್ಲಿ ಅ, ಬ ಎಂಬ ಎರಡು ಬೆಲೆಗಳನ್ನು ಅದಲುಬದಲು ಮಾಡುವ ಮ್ಯಾಕ್ರೊ ತನ್ನ ಬ್ಲಾಕಿನೊಳಗೆ 'ಟೆಂಪ್' ಎಂಬ ಹೆಸರು ಬಳಸುತ್ತದೆ. ಬಳಸುವವರು ಅ ಜಾಗದಲ್ಲಿ ತಮ್ಮ 'ಟೆಂಪ್', ಬ ಜಾಗದಲ್ಲಿ 'ವೈ' ಕೊಟ್ಟರೆ ಏನಾಗುತ್ತದೆ? (ನಿರೀಕ್ಷಿತ ಉತ್ತರ: ಬ್ಲಾಕಿನೊಳಗಿನ ಟೆಂಪ್‌ಗೆ ವೈ ಬಂದು, ಅದೇ ಮತ್ತೆ ವೈಗೆ ಹೋಗುತ್ತದೆ. ಹೊರಗಿನ ಟೆಂಪ್ ಆಗಲಿ ವೈ ಆಗಲಿ ಬದಲಾಗುವುದಿಲ್ಲ.)

2. ಸಿಕ್ಕ-ಅಂಕದ ಸರಿಪಡಿಸಿದ ಅಚ್ಚಿನಲ್ಲಿ ಗುಪ್ತ ಎಂಬುದರ ಹಿಂದಿನ ಅಲ್ಪವಿರಾಮಗಳನ್ನು ತೆಗೆದರೆ ಏನಾಗುತ್ತದೆ? (ನಿರೀಕ್ಷಿತ ಉತ್ತರ: ಗುಪ್ತ ಎಂಬ ಅಕ್ಷರಗಳೇ ವಿಸ್ತರಣೆಗೆ ಹೋಗುತ್ತವೆ. ಜೆನ್‌ಸಿಮ್ ವ್ಯರ್ಥ. ಗುಪ್ತ ಎಂಬ ಹೆಸರಿಟ್ಟವರಿಗೆ ಹಳೆಯ ತೊಂದರೆ ಮರಳುತ್ತದೆ.)

3. ಚೀಟಿ ಆಟವನ್ನು ಲಿಸ್ಟ್ ಉದಾಹರಣೆಗೆ ಮಾಡಿ. ಯಾವ ಬಣ್ಣದ ಹೆಸರು ಯಾವ ಬಣ್ಣದ ಬಲೆಗೆ ಬಿತ್ತು? (ನಿರೀಕ್ಷಿತ ಉತ್ತರ: ಹಳದಿ ಹೆಸರು ಬಿಳಿ ಬಲೆಗೆ.)

ಹೋಲಿಕೆಗಳ ಮಿತಿ

ಹೋಲಿಕೆ ಕೊಡುವ ಶಿಕ್ಷಕರು ಅದು ಎಲ್ಲಿ ಮುರಿಯುತ್ತದೆ ಎಂದೂ ಹೇಳಬೇಕು. ಸ್ಯಾಟ್ಸ್ ಸಂಖ್ಯೆ ಮಗು ಶಾಲೆ ಬದಲಿಸಿದರೂ ಜೊತೆಗಿರುತ್ತದೆ. ಜೆನ್‌ಸಿಮ್ ಹೆಸರು ಒಂದು ವಿಸ್ತರಣೆಗಾಗಿ ಹುಟ್ಟಿ ಅಲ್ಲೇ ಮುಗಿಯುತ್ತದೆ, ಮರುಬಳಕೆಯಲ್ಲಿ ಇನ್ನೊಂದು ಹುಟ್ಟುತ್ತದೆ. ಗೋಕಾಕ್ ಉದಾಹರಣೆಯಲ್ಲಿ ಓದುವವರು ಕೇಳಿ ತಿದ್ದಿಕೊಳ್ಳಬಹುದು, ಗಣಕ "ಯಾವ ಬಸವರಾಜರಿ?" ಎಂದು ಕೇಳುವುದಿಲ್ಲ, ಹತ್ತಿರದವನಿಗೆ ಪುಸ್ತಕ ಕೊಟ್ಟುಬಿಡುತ್ತದೆ. ಇಡೀ ಪಾಠ ಬೇಕಾಗಿರುವುದು ಈ ವ್ಯತ್ಯಾಸಕ್ಕಾಗಿಯೇ.

ಬೋಧಕರಿಗೆ ಕೆಲವು ಸೂಚನೆಗಳು

ಹೆಸರುಗಳನ್ನು ಕನ್ನಡದಲ್ಲೇ ಇಡಲು ಬಿಡಿ. ಅಂಕ ಎಂಬುದು ಎಲ್ಲರಿಗೂ ಮೊದಲು ಹೊಳೆಯುವ ಹೆಸರಾದ್ದರಿಂದಲೇ ಡಿಕ್ಕಿ ತಾನಾಗಿ ಆಯಿತು. ನಾವು ಕೃತಕವಾಗಿ ಮಾಡಿಸಬೇಕಾಗಲಿಲ್ಲ. 2007ರ ಆರನೆಯ ಸ್ಕೀಮ್ ವರದಿ ಹೆಸರುಗಳಲ್ಲಿ ಯೂನಿಕೋಡ್ ಅಕ್ಷರಗಳಿಗೆ ಅವಕಾಶ ಕೊಟ್ಟಿದೆ, ಹಾಗಾಗಿ ಇದು ಹಲಗೆಗಷ್ಟೇ ಸೀಮಿತವಲ್ಲ.

ಜೆನ್‌ಸಿಮ್ ಹೆಸರನ್ನು ಮೊದಲೇ ಹೇಳಬೇಡಿ. 62 ಅಂಕ ಮಾಯವಾದದ್ದನ್ನು ಕಣ್ಣಾರೆ ಕಂಡ ಮೇಲೆ ಮದ್ದು ಕೊಟ್ಟರೆ ಅದರ ಬೆಲೆ ತಿಳಿಯುತ್ತದೆ.

ವಿಸ್ತರಣೆಯನ್ನು ಕೈಯಿಂದ ಬರೆಸುವುದನ್ನು ಬಿಡಬೇಡಿ. ಮ್ಯಾಕ್ರೊದಲ್ಲಿ ತಪ್ಪು ಹುಡುಕುವವರು ಮಾಡಬೇಕಾದ ಮೊದಲ ಕೆಲಸ ವಿಸ್ತರಿಸಿ ನೋಡುವುದು. ಅದಕ್ಕೆ ಲಿಸ್ಪ್‌ನಲ್ಲಿ ಮ್ಯಾಕ್ರೊಎಕ್ಸ್‌ಪ್ಯಾಂಡ್ ಎಂಬ ಸಾಧನವೂ ಇದೆ. ಕೈಯಿಂದ ಮಾಡಿದವರಿಗೆ ಅದು ಏನು ತೋರಿಸುತ್ತಿದೆ ಎಂದು ಅರ್ಥವಾಗುತ್ತದೆ. ತಪ್ಪು ಉತ್ತರ ಬಂದಾಗ ವಿದ್ಯಾರ್ಥಿ ತನ್ನನ್ನು ಹಳಿದುಕೊಳ್ಳದೆ ಹಾಳೆ ತೆಗೆದುಕೊಂಡು ವಿಸ್ತರಣೆ ಬರೆಯತೊಡಗಿದರೆ ಪಾಠದ ಉದ್ದೇಶ ಈಡೇರಿದಂತೆ.